ಉತ್ತರಿಸಲಿಲ್ಲ

ಜ್ಞಾನಭಾರತಿ ಹಿಂದಿನ ಮಲ್ಲತ್ತಹಳ್ಳಿಯ ಕೋಣೆಯಲ್ಲಿ
ರಾತ್ರಿಯಿಡೀ ಒಹಾಯೋದ ಪ್ರಚಾರ ಜಾಹೀರಾತು ನೋಡಿ
ಅಂಕಿ ಹಾಕುತ್ತೇನೆ:
ಬಾವುಟ ಒಂದು, ಮಗು ಎರಡು,
ಎದುರಾಳಿಯ ಮುಖ ಕಪ್ಪುಬಿಳುಪಾದರೆ
ಭಯ, ನಾಲ್ಕು.
ಮೂವತ್ತು ಸೆಕೆಂಡಿಗೆ ಹನ್ನೊಂದು ರೂಪಾಯಿ.

ಮನಸ್ಸು ಗಟ್ಟಿಮಾಡದವರನ್ನು ಅಲ್ಲಿ ಉಯ್ಯಾಲೆ ಅನ್ನುತ್ತಾರೆ.
ಅವರ ಟ್ರಕ್ಕು, ಚರ್ಚು, ನಾಯಿಯ ತಳಿ ಕೂಡ ನನಗೆ ಗೊತ್ತು;
ತೂಗುವ ಕೈ ಯಾವುದೆಂದು ನಮ್ಮ ಪ್ರೊಫೆಸರರು
ಹದಿನಾಲ್ಕು ವರ್ಷದಿಂದ ಹುಡುಕುತ್ತಿದ್ದಾರೆ.

ಕೆಳಮನೆಯ ಪುಟ್ಟಹೊನ್ನಮ್ಮ ಇವತ್ತು
ಓಟು ಹಾಕಿ ಬಂದು ಸೊಪ್ಪು ಬಿಡಿಸುತ್ತಿದ್ದರು.
“ಯಾರಿಗೆ ಹಾಕಿದ್ರಿ?” ಅಂದೆ.
ಶಾಯಿಯ ಬೆರಳಲ್ಲೇ ದಂಟು ಚಿವುಟಿ
“ಗಂಡಂಗೇ ಹೇಳಿಲ್ಲ, ನಿಂಗ್ ಹೇಳ್ತೀನಾ?
ಬಸ್ಸಾರಾಗ್ಲಿ, ಬಟ್ಲು ತಗೊಂಡ್ ಬಾ.”

ಕೈಪಿಡಿಯಲ್ಲಿ ‘ಉತ್ತರಿಸಲಿಲ್ಲ’ ಅಂದರೆ ಏಳು.
ಮುದ್ದೆ ಮುರಿದ ಕೈ, ಬೆಳ್ಳುಳ್ಳಿ ವಾಸನೆ,
ಒತ್ತಲಿಲ್ಲ
ಯಾವ ಕೀಲಿಯನ್ನೂ.