ಎಡಗಡೆ ಬರ್ನರು

ಮೊದಲು ಬಣ್ಣ ಕೆಟ್ಟಿತು.
ನೀಲಿ ಇದ್ದ ಉರಿ ಅರಿಷಿಣ ಆತು, ಆಮ್ಯಾಲೆ ಕೆಂಪು,
ಹಂಚಿನ ಬೆನ್ನಿಗೆ ಕಾಡಿಗಿ ಬಳಿಯಾಕ ಹತ್ತಿತು.
ಅನ್ನದ್ದು ಸರಿ ಐತಿ, ಪಲ್ಯದ್ದು ಸರಿ ಐತಿ,
ಎಡಗಡೇದು, ರೊಟ್ಟೀದು, ಅದಕ್ಕ ಬಂತು ರೋಗ.

ದಸ್ತಗೀರ ಸೈಕಲ್ ಮ್ಯಾಲೆ ಬಂದ.
ಡಬ್ಬಿಯೊಳಗ ಪಾನಾ, ಪಿನ್ನು, ಸವೆದ ಹಲ್ಲುಜ್ಜೂ ಬ್ರಷ್ಷು.
ಒಲಿ ಹಚ್ಚಿದ. ನೋಡಲಿಲ್ಲ,
ಕಣ್ಣು ಮುಚ್ಚಿ ಕೇಳಿದ.
"ಉಸರ ಸಾಲವಲ್ದು ಅಕ್ಕಾರ, ಇದಕ್ಕ."
ನಳಿಗಿ ಬಿಚ್ಚಿ ಕಟ್ಟಿಗೆ ಬಡದ:
ಹನ್ನೊಂದು ವರ್ಷದ ಜೋಳದ ಹಿಟ್ಟು
ಕರೀ ಪುಡಿಯಾಗಿ ಉದುರಿತು,
ಜೊತಿಗೆ ಯಾವುದೋ ಜಿರಳೀ ಮೀಸಿ.
ಜೆಟ್ಟಿನ ಕಣ್ಣಿಗೆ ಪಿನ್ನು ಇಟ್ಟ, ಮೆಲ್ಲಕ,
ಕೂಸಿನ ಕಿವಿ ಚುಚ್ಚವರ ಹಂಗ.
"ಕೂದಲೆಳಿಯಷ್ಟು ದೊಡ್ಡದಾತಂದ್ರ
ಸಿಲಿಂಡರು ಎಂಟು ದಿನ ಮೊದಲ ಖಾಲಿ."
ಪೈಪಿಗೆ ಸಬಕಾರದ ನೊರಿ ಸವರಿದ.
ಗುಳ್ಳಿ ಏಳಲಿಲ್ಲ.
ಕಡೀಕ ಬರ್ನರಿನ ಮುಚ್ಚಳ ಕಿಡಕಿ ಬೆಳಕಿಗೆ ಹಿಡದ.
ಅಂಚಿನಾಗ ಸೀಳು, ಉಗರು ಸಿಗುವಷ್ಟು.
"ಇದು ನನ್ನ ಡಬ್ಬಿಯೊಳಗ ಇಲ್ರಿ" ಅಂದು
ಬರೇ ಚಾದ ರೊಕ್ಕ ಇಸಗೊಂಡು ಹೋದ.

ಕಂಪನಿ ಮುಚ್ಚಿ ಎಷ್ಟೋ ವರ್ಷ.
ಮುಚ್ಚಳ ಕೈಚೀಲದಾಗ ಹಾಕ್ಕೊಂಡು
ಖಡೇಬಜಾರ ತಿರುಗಿದೆ, ರವಿವಾರ ಪೇಟಿ ತಿರುಗಿದೆ.
ಒಂದು ಜೋಳದ ಕಾಳಷ್ಟು ಸಣ್ಣದು.
ಒಂದು ಕೂತಿತು ಖರೆ, ಹೊಯ್ದಾಡಿತು,
ಮೂರು ಕಾಲಿನ ಮಣೀ ಹಂಗ.
"ಹೇ ಆತಾ ಮಿಳತ ನಾಹಿ, ಬಾಯಿ" ಅಂದ ಕಡೀ ಅಂಗಡಿಯಂವ,
ಕಾಜಿನ ಒಲಿ ತೋರಿಸಿದ, ಹೊಳಿಯೂದು, ಮಾರಿ ಕಾಣೂದು.
"ಎಂಟು ಸೇರಿನ ಕಬ್ಬಣದ ಹಂಚು ತಾಳತೈತೇನು?"
ಅವ ಗಿರಾಕಿ ಬಂದರಂತ ಆ ಕಡೆ ಹೊಳ್ಳಿದ.

ನಾಕು ದಿನ ಖಾನಾವಳಿಯಾಗ ಅರ್ಧಾ ರೊಟ್ಟಿ, ಉಳಿದದ್ದು ಅನ್ನ.
ಯಾರೂ ಬೈಲಿಲ್ಲ. ಬೈದಿದ್ರ ಚಲೋ ಇತ್ತು.
ಐದನೇ ದಿನ ಉದ್ಯಮಬಾಗದ ಮಾರುತೆಪ್ಪ,
ಕೈ ತೊಳಕೊಂತ ಕೇಳಿದ: "ಏನಾಗೇತಿ ತೋರಸ್ರಿ."
ತೋರಿಸಿದೆ. ಅಂಗೈಯಾಗ ತೂಗಿ ನಕ್ಕ.
"ದಿನಾ ಇಂಥಾ ಸಾವಿರ ಕಿಲೋ ಎರಿತೇನಿ, ತಾಯಿ.
ನೀವು ಪ್ಯಾಟಿ ತಿರಗೀರಿ?"

ಅವ ಹೇಳಿದ್ದು ಇಷ್ಟು:
ಕಬ್ಬಣ ಆರಿದರ ಕುಗ್ಗತೈತಿ.
ಅದಕ್ಕ ಹಳೇ ಮುಚ್ಚಳದ ಅಂಚಿಗೆ ಮೇಣ ಸುತ್ತಿ
ಸ್ವಲ್ಪ ದಪ್ಪ ಮಾಡಿ ಉಸುಕಿನಾಗ ಒತ್ತಬೇಕು.
ಪಂಪಿನ ಮೈ ಎರದು ಉಳಿದ ರಸ,
ಬಕೀಟಿನ ತಳದ್ದು, ನೀರಿಗಂತ ಕಾಸಿದ್ದು,
ಅದನ್ನ ಹೊಯ್ದ.
ತೂತು ಮಾತ್ರ ಊಟದ ಸುಟ್ಟಿಯಾಗ ಕೊರದ,
ಮುಕಾದಮ ನೋಡಿದರೂ ನೋಡಧಂಗ ನಿಂತಿದ್ದನಂತ.

ರೊಕ್ಕ ಬ್ಯಾಡ ಅಂದ.
ನಾ ಖಾತೆ ಪುಸ್ತಕ ತೆಗದು
ಅವನ ಹೆಸರಿನ ಮುಂದ ಆ ತಿಂಗಳಿಗೆ ಗೆರಿ ಹೊಡದೆ.
ಅವ ಸುಮ್ಮನ ನೋಡಿದ, ಆಮ್ಯಾಲೆ ತಗ್ಗಿದ ದನಿಯಾಗ:
"ಒಂದು ತೂತು ಲೆಕ್ಕ ತಪ್ಪೇತಿ.
ಅರವತ್ತೆರಡು ಇದ್ದವು, ಅರವತ್ತೊಂದ ಆಗ್ಯಾವು."

ನೀಲಿ ಬಂತು. ಸುತ್ತಲೂ ಬಂತು,
ಗೋಡೀ ಕಡೆ ಒಂದು ಹಲ್ಲು ಬಿದ್ದ ಜಾಗಾ ಬಿಟ್ಟು.
ಅಲ್ಲಿ ರೊಟ್ಟಿ ಉಬ್ಬೂದಿಲ್ಲ, ಬೆಳ್ಳಗ ಉಳಿತೈತಿ,
ರೂಪಾಯಿಯಷ್ಟು.
ಮೊದಲ ವಾರ ಸಿಟ್ಟು ಬಂತು.
ಈಗ ಹಿಟ್ಟು ಬಡಿಯುವಾಗನ ಎಡಗೈ ತಾನ ಹೋಗಿ
ಕಾಲು ಸುತ್ತು ತಿರುವಿ ಬರತೈತಿ,
ನನ್ನ ಕೇಳೂದಿಲ್ಲ.

ಮೊನ್ನೆ ದಸ್ತಗೀರ ಊಟಕ್ಕ ಬಂದಿದ್ದ.
ತಾಟಿನ ಮುಂದ ಕಣ್ಣು ಮುಚ್ಚಿದ.
"ದನಿ ಬ್ಯಾರೆ ಐತಲ್ರಿ, ಅಕ್ಕಾರ?"
"ಐತಿ" ಅಂದೆ. "ಬಿಸೇದು ಹಾಕಲ್ಯಾ?"