ಹೊಲಿಗೆ ಹೊರಗೆ

ಮೊದಲು ಉಂಗುರ ತೆಗೆ, ನಿಲ್ಡಾ.
ಕೈಗಡಿಯಾರವನ್ನೂ.
ಉಗುರು ನಿನ್ನೆ ಕತ್ತರಿಸಿದ್ದರೆ ಇವತ್ತೊಮ್ಮೆ ಉಜ್ಜಿ ನುಣುಪು ಮಾಡು.
ಕಿಟಕಿಯಾಚೆ ಜಲಸಂಧಿಯ ಗಾಳಿ
ಪುಂತಾ ಅರೇನಾಸಿನ ತಗಡುಗಳನ್ನೆಲ್ಲ ಎಳೆದಾಡುತ್ತಿದೆ.
ಎಳೆದಾಡಲಿ. ಇಲ್ಲಿ ಯಾವುದನ್ನೂ ಎಳೆಯುವ ಹಾಗಿಲ್ಲ.

ಇವಳು ಅಮಾನ್‌ಕಾಯ್. ಆರು ದಿನ.
ಎಡಗಾಲಿಗೆ ಮಂಡಿಯಿಂದ ಪಾದದವರೆಗೆ ಚರ್ಮವಿಲ್ಲ,
ಕಾಲುಚೀಲ ಹಾಕಲು ಮರೆತು ಕಳಿಸಿಬಿಟ್ಟ ಹಾಗೆ.
ಉಳಿದ ಕಡೆ ಇದೆ, ಅಂಟಿಕೊಂಡಿಲ್ಲ.
ಕಾದ ಹಾಲಿನ ಮೇಲೆ ಕೆನೆ ನಿಂತಷ್ಟೇ ಭದ್ರವಾಗಿ
ಅವಳ ಮೇಲೆ ನಿಂತಿದೆ.

ಕೆಳಗೆ ಕ್ಯಾಂಟೀನಿನಲ್ಲಿ ಗಾಜಿನ ಮಗು ಅನ್ನುತ್ತಾರೆ.
ಪಾದ್ರಿ ಬಂದವರು ಚಿಟ್ಟೆ ಅಂದು ಹೋದರು.
ನೀನು ಏನೂ ಅನ್ನಬೇಡ.
ಗಾಜು ಹಾಲಿಗೆ ಅಳುವುದಿಲ್ಲ.
ಚಿಟ್ಟೆ ನನ್ನ ತೋಳಿನ ಮೇಲೆ ಉಚ್ಚೆ ಹೊಯ್ದದ್ದಿಲ್ಲ.

ಕಂಕುಳಿಗೆ ಕೈ ಹಾಕಬೇಡ.
ತಲೆಯ ಕೆಳಗೊಂದು, ಕುಂಡೆಯ ಕೆಳಗೊಂದು, ಬಟ್ಟೆ ಸಮೇತ ಎತ್ತು.
ಜಾರಿದರೆ ಹಿಡಿಯುವುದು ಎಲ್ಲರಿಗೂ ಗೊತ್ತು,
ಜಾರದ ಹಾಗೆ ಹಿಡಿಯದೆ ಇರುವುದನ್ನು
ಕಲಿಯಬೇಕು.
ಹೆಸರಿನ ಪಟ್ಟಿ ಕೈಗೆ ಕಟ್ಟಬೇಡ, ತೊಟ್ಟಿಲಿಗೆ ಕಟ್ಟು.
ಡಯಾಪರಿನ ಎಲಾಸ್ಟಿಕ್ ಕತ್ತರಿಸಿ ಬಿಸಾಡು.
ಅಂಗಿಯನ್ನು ತಿರುಗುಮುರುಗು ಹಾಕು, ಹೊಲಿಗೆ ಹೊರಗೆ.
ಚಂದ ಕಾಣಬೇಕಾದದ್ದು ಅವಳ ಮೈಗೆ,
ನಮ್ಮ ಕಣ್ಣಿಗಲ್ಲ.

ಟೇಪು ಈ ಕೋಣೆಗೆ ಬರುವುದಿಲ್ಲ.
ಯಾಕೆ ಅಂತ ಕೇಳು. ಎಲ್ಲರೂ ಕೇಳುತ್ತಾರೆ.
ನಿನ್ನ ವಯಸ್ಸಿನಲ್ಲಿ ನಾನು
ಒಂದು ಎದೆಯ ಮೇಲಿನ ಟೇಪು ಬಿಡಿಸಿದೆ, ಮೆಲ್ಲಗೇ ಬಿಡಿಸಿದೆ.
ಅಂಚೆಚೀಟಿಯಷ್ಟು ಬಂತು.
ಕೈಯಲ್ಲಿ ಹಿಡಿದುಕೊಂಡು ಎಲ್ಲಿ ಇಡಬೇಕೆಂದು ತಿಳಿಯದೆ
ನಿಂತೇ ಇದ್ದೆ.

ಔಷಧಿ ಕೊಟ್ಟು ಅರ್ಧ ಗಂಟೆ ಕಾಯಿ.
ಗೋಡೆಯ ಗಡಿಯಾರ ನೋಡಿ ಕಾಯಿ, ನಿನ್ನ ಅವಸರ ನೋಡಿ ಅಲ್ಲ.
ನಾಲಿಗೆಗೆ ಒಂದು ಹನಿ ಸಕ್ಕರೆ ನೀರು.
ಹಳೆಯ ಪಟ್ಟಿ ನೆನೆಯಲಿ, ತಾನಾಗಿ ಬಿಡಲಿ.
ಬೊಬ್ಬೆ ಎದ್ದಿದ್ದರೆ ಸುಮ್ಮನೆ ಬಿಡಬೇಡ, ಹರಡುತ್ತದೆ.
ಬುಡದಲ್ಲಿ ಸೂಜಿಯಿಂದ ಒಂದು ತೂತು, ಎದುರಿಗೆ ಇನ್ನೊಂದು.
ನೀರು ಹೋಗಲಿ, ಮೇಲಿನ ಪೊರೆ ಇರಲಿ.
ಅದಕ್ಕಿಂತ ಒಳ್ಳೆಯ ಹೊದಿಕೆ ನಮ್ಮ ಬೀರುವಿನಲ್ಲಿಲ್ಲ.
ಅವಳು ಬೊಬ್ಬೆ ಇಡುತ್ತಾಳೆ. ಇಡಲಿ, ದೊಡ್ಡದಾಗಿಯೇ ಇಡಲಿ.
ದನಿಗೆ ಏನೂ ಆಗಿಲ್ಲ ನೋಡು.

ಬೆರಳು ಬೆರಳಿಗೂ ಬೇರೆ ಸುತ್ತು.
ಬಿಟ್ಟರೆ ಗಾಯಕ್ಕೆ ಗಾಯ ಕೂಡಿಕೊಂಡು
ಐದು ಬೆರಳು ಒಂದೇ ಬೆರಳಾಗುತ್ತದೆ.

ಇನ್ನು ಬಾಗಿಲಲ್ಲಿ ನಿಂತಿದ್ದನಲ್ಲ, ಅವನು ಎರಿಬೆರ್ತೊ, ಅಪ್ಪ.
ದ್ವೀಪದಲ್ಲಿ ಕುರಿಗಳ ಉಣ್ಣೆ ತೆಗೆಯುವ ಕೆಲಸ,
ಹಂಗಾಮಿನಲ್ಲಿ ದಿನಕ್ಕೆ ನೂರೈವತ್ತು.
ಮೂರು ದಿನ ಜೇಬಿನಿಂದ ಕೈ ತೆಗೆದಿರಲಿಲ್ಲ.
ನಾಲ್ಕನೆಯ ದಿನ, ನನಗಲ್ಲ, ನೆಲಕ್ಕೆ ಹೇಳಿದ:
ಕತ್ತರಿ ತಪ್ಪಿ ಚರ್ಮಕ್ಕೆ ತಾಗಿದ ಕುರಿಗಳಿವೆ.
ಡಾಂಬರು ಬಳಿದು ಬಿಟ್ಟುಬಿಡುತ್ತೇವೆ, ಓಡಿಹೋಗುತ್ತವೆ.
ಎಷ್ಟು ಅಂತ ಲೆಕ್ಕ ಇಟ್ಟಿಲ್ಲ.
ನಾನು ಅಂದೆ: ನನ್ನದು ಒಂದು.
ಅವನು ನೋಡಿದ. ಸಿಂಕಿನ ಹತ್ತಿರ ಹೋಗಿ
ಮೊಣಕೈವರೆಗೆ ತೊಳೆದುಕೊಂಡ, ಎರಡು ಸಲ.

ಉಣ್ಣೆಯ ಜಿಡ್ಡು ಹೀರಿ ಹೀರಿ ಆ ಅಂಗೈಗಳು
ನನ್ನದಕ್ಕಿಂತ ಮೆತ್ತಗಿದ್ದವು ಮಾರಾಯ್ತಿ,
ಮೂವತ್ತು ವರ್ಷ ಸಾಬೂನು ತಿಂದ ಈ ಕೈಗಿಂತ.
ಅವಳ ತಲೆ ಅದರಲ್ಲಿ ಕೂತಿತು.
ಇಸ್ಮೇನಿಯಾ, ಬಾಣಂತಿ, ಗಾಲಿಕುರ್ಚಿಯಿಂದಲೇ ಕೂಗಿದಳು:
ಹೆಬ್ಬೆರಳು! ಹೆಬ್ಬೆರಳು ಎತ್ತು!
ಎತ್ತಿದ.

ಇವತ್ತು ಬೆಳಗಿನ ಹಡಗಿಗೆ ಮತ್ತೆ ಬಂದಿದ್ದಾನೆ.
ಅಂಗಿ ತಿರುಗುಮುರುಗು ಹಾಕಿಕೊಂಡಿದ್ದಾನೆ, ಹೊಲಿಗೆಯೆಲ್ಲ ಹೊರಗೆ,
ಕಾಲರಿನ ಚೀಟಿ ಕತ್ತಿನ ಹಿಂದೆ ಅಲ್ಲಾಡುತ್ತಿದೆ.
ಯಾರೂ ಏನೂ ಕೇಳಲಿಲ್ಲ.
ನೀನೂ ಕೇಳಬೇಡ.
ವ್ಯಾಸಲೀನಿನ ಡಬ್ಬಿ ಇತ್ತ ಕೊಡು,
ಹತ್ತು ಗಂಟೆಯಾಯಿತು.