ಯಕಾರಾಗಮ

ಗೇಟಿನ ಮಡಿವಾಳೆಪ್ಪ ಈಗ ತಡೆಯುವುದಿಲ್ಲ.
ಮೊದಲ ದಿನ ತಡೆದಿದ್ದ:
‘ಫಾರಿನ್ ಹಾಸ್ಟೆಲ್ಲು ಯುನಿವರ್ಸಿಟಿ ಕಡೆ ಐತಿ ನೋಡ್ರಿ ಅಕ್ಕಾರ.’
‘ನಾ ಕನ್ನಡ ಕಲಸಾಕ ಬಂದೇನ್ರಿ’ ಅಂದೆ.
ನಕ್ಕ. ನಾನೂ ನಕ್ಕೆ.
ಹಳಿಯಾಳದ ಬಸ್ಸು ತಡವಾಗಿತ್ತು, ಜಗಳಕ್ಕೆ ಹೊತ್ತಿರಲಿಲ್ಲ.

ಆರು ವರ್ಷ. ವರ್ಷಕ್ಕೆ ಹತ್ತು ತಿಂಗಳು.
ಸ್ಟಾಫ್‌ರೂಮಿನಲ್ಲಿ ಬೀರು ಹನ್ನೊಂದು, ನಾವು ಹದಿನಾಲ್ಕು ಮಂದಿ.
ನನ್ನ ಪುಸ್ತಕಗಳು ನೀರಿನ ಫಿಲ್ಟರಿನ ಪಕ್ಕ,
ತೇವಕ್ಕೆ ಪುಟದ ಮೂಲೆಗಳೆಲ್ಲ ಉಬ್ಬಿ
ಓದಿದ್ದಕ್ಕಿಂತ ಹೆಚ್ಚು ಓದಿದವಳಂತೆ ಕಾಣುತ್ತೇನೆ.

ಅತಿಥಿ ಅಂದರೆ ಬರುವ ತಿಥಿ ಗೊತ್ತಿಲ್ಲದವರು,
ಬಿಡಿಸಿ ಹೇಳಿಕೊಟ್ಟವಳು ನಾನೇ.
ನನಗೆ ಹೋಗುವ ತಿಥಿ ಗೊತ್ತಿಲ್ಲ. ಗೌರವಧನದ ತಿಥಿ
ಯಾವ ಪಂಚಾಂಗದಲ್ಲೂ ಇಲ್ಲ.
ಸಪ್ತಾಪುರದ ಖೋಲಿಯ ಮಾಲಕಿಗೆ ಮಾತ್ರ ಒಂದೇ ತಿಥಿ: ಐದು.

ನ್ಯಾಕ್ ಸಮಿತಿ ಬರುವ ಮುನ್ನ ಪ್ರಾಚಾರ್ಯರು ಕರೆದರು.
‘ಫ್ಲೋರಿನ್ ಮೇಡಂ, ಫೋಟೋಕ್ಕ ಮುಂದಿನ ಸಾಲಿನ್ಯಾಗ ನಿಂದರ್ರಿ.
ಮತ್ತ ನಿಮ್ಮ ಸಿದ್ದಿ ಮಂದೀದು ಡಮಾಮಿ ಕುಣಿತ ಇರ್ತೈತಲ್ಲ,
ಹುಡುಗ್ಯಾರಿಗೆ ಒಂದೀಟು ಕಲಸ್ರಿ.’
ನನ್ನ ಪಿಎಚ್‌ಡಿ ಹಳಗನ್ನಡದ ಕಂದಪದ್ಯದ ಮೇಲೆ.
ಡಮಾಮಿ ಅವ್ವನಿಗೆ ಬರುತ್ತಿತ್ತು. ನನಗೆ ಬರುವುದಿಲ್ಲ.
ಬರುವುದಿಲ್ಲ ಎನ್ನಲು ನಾಚಿಕೆಯಾಯಿತು,
ಯಾರ ಮುಂದೆ ಅಂತ ಇನ್ನೂ ತಿಳಿದಿಲ್ಲ.

ಬಿ.ಎ. ಎರಡನೇ ಸೆಮಿಸ್ಟರ್, ಗುರುವಾರ, ಕೊನೆಯ ತಾಸು. ಸಂಧಿ.
ಲೋಪ: ಇದ್ದದ್ದು ಇಲ್ಲವಾಗುವುದು.
ಆದೇಶ: ಒಂದರ ಜಾಗಕ್ಕೆ ಇನ್ನೊಂದು ಬಂದು ಕೂರುವುದು.
ಬರೆಯುವಾಗ ಸೀಮೆಸುಣ್ಣ ಮುರಿಯಿತು.
ವರ್ಗವಾಗಿ ಬರುವ ಕಾಯಂ ಮಾಸ್ತರರ ಆದೇಶ
ಮುಂಜಾನೆಯೇ ಆಫೀಸಿಗೆ ಬಂದಿತ್ತು.
ಅವರ ಕಾರ್ಯಭಾರ ಅಂದರೆ ನನ್ನ ಹನ್ನೆರಡು ತಾಸು.

ಆಗಮ: ಮನೆ + ಅಲ್ಲಿ = ಮನೆಯಲ್ಲಿ.
ಮೂರನೇ ಬೆಂಚಿನ ನೀಲವ್ವ ತಳವಾರ ಎದ್ದಳು.
‘ಮನೆದಾಗೂ ಇಲ್ಲ, ಅಲ್ಲಿದಾಗೂ ಇಲ್ಲ.
ಆ ಯ ಎಲ್ಲಿಂದ ಬಂತ್ರಿ, ಮೇಡಂ?’

ಕ್ಲಾಸು ಗಪ್ಪಾಯಿತು. ಅವಳೂ ನಾಲಿಗೆ ಕಚ್ಚಿಕೊಂಡಳು.
ಎಲ್ಲಿಂದ? ಕಂಡಕ್ಟರು ಕೇಳಿದ್ದಾರೆ, ಹಲ್ಲಿನ ಡಾಕ್ಟರು ಕೇಳಿದ್ದಾರೆ,
ಸುಭಾಸ್ ರಸ್ತೆಯಲ್ಲಿ ಮೆಂತ್ಯದ ಸೂಡು ಕಟ್ಟಿಕೊಡುತ್ತಲೇ
ಒಬ್ಬ ಮುದುಕಿ ಕೇಳಿದ್ದಾಳೆ, ಚೌಕಾಸಿಯ ನಡುವೆ.

‘ಎಲ್ಲಿಂದಲೂ ಬಂದಿಲ್ಲವಾ’ ಅಂದೆ. ‘ಬಾಯಾಗ ಇತ್ತು.
ಎರಡು ಸ್ವರ ಬಾಜೂಕ ಬಾಜೂ ನಿಲ್ಲಲಾರದಾಗ
ನಾಲಿಗಿ ತಾನ ಕರಕೊಂತು.’

ಗಂಟೆ ಹೊಡೆಯಿತು. ಪ್ರಕೃತಿಭಾವ ಉಳಿಯಿತು:
ಸಂಧಿಯಾಗಬೇಕಾದಲ್ಲಿ ಆಗದೆ
ಇದ್ದದ್ದು ಇದ್ದಂತೆ ಇರುವುದು.
ಮುಂದಿನ ಗುರುವಾರ, ಅಂದೆ, ರೂಢಿಯಂತೆ.
ನೀಲವ್ವ ತಾರೀಕು ಬರೆದುಕೊಂಡಳು.